ಕೇಳಿದಷ್ಟೇ ಹೇಳುವ ಟೂಲ್ ಸಿಕ್ಕರೆ ಸಾಕು

(ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮತ್ತು ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಕಣ್ಣು ಕಾಣದವನು, ಹೊಟ್ಟೆಪಾಡು ಪ್ರೋಗ್ರಾಮಿಂಗು. ನನ್ನನ್ನು ಕರೆದವರಿಗೆ ಫೋನಿನಲ್ಲೇ ಹೇಳಿದ್ದೆ, ಸ್ಫೂರ್ತಿ ತುಂಬುವ ಭಾಷಣ ನನ್ನ ಕೈಲಾಗಲ್ಲ, ಟೂಲ್‌ಗಳ ಬಗ್ಗೆ ಮಾತಾಡಿ ಅಂದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ ಅಂತ. ಅವರು ಧೈರ್ಯ ಮಾಡಿ ಒಪ್ಪಿಕೊಂಡರು.

ಕಂಪ್ಯೂಟರ್ ಗೊತ್ತಿರುವವರು ನನ್ನನ್ನು ಮೊದಲ ಸಲ ಭೇಟಿಯಾದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ನಿಮಗೆ ಕಮ್ಯಾಂಡ್ ಲೈನೇ ಆರಾಮ ಅಲ್ವಾ ಸರ? ಅಲ್ಲಿ ಬರೀ ಅಕ್ಷರ. ಮೌಸಿಲ್ಲ, ಐಕಾನಿಲ್ಲ." ಕಮ್ಯಾಂಡ್ ಲೈನ್ ಅಂದರೆ ಮಾಡಬೇಕಾದ್ದನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಹೇಳುವ ಕಪ್ಪು ಪರದೆ, ಅದಕ್ಕೇ ಟರ್ಮಿನಲ್ ಅಂತಲೂ ಅನ್ನುತ್ತಾರೆ. ಆ ಮಾತು ಕೇಳಲು ಸರಿಯಾಗಿಯೇ ಇದೆ. ನಮಗೆ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್, ಸ್ಕ್ರೀನ್ ರೀಡರ್, ಓದುವುದು ಅಕ್ಷರವನ್ನು, ಕಪ್ಪು ಪರದೆಯಲ್ಲಿರುವುದು ಅಕ್ಷರ, ಲೆಕ್ಕ ಮುಗಿಯಿತಲ್ಲ! ಅರ್ಧ ನಿಜ. ಇನ್ನರ್ಧ ನಿಜ ಅಲ್ಲ, ಮತ್ತು ಆ ಅರ್ಧದಿಂದ ಹೊಸದಾಗಿ ಕಲಿಯುವ ಹುಡುಗರಿಗೆ ತೊಂದರೆ ಆಗುತ್ತಿದೆ. ಕಣ್ಣು ಕಾಣಲ್ಲ ಅಂದ ತಕ್ಷಣ ಅವರ ಕೈಗೆ ಟರ್ಮಿನಲ್ ಕೊಟ್ಟು "ನಿನಗೆ ಇದೇ ಸರಿ" ಅಂದುಬಿಡುತ್ತಾರೆ. ಅದು ಯಾಕೆ ಸರಿ, ಎಲ್ಲಿ ಸರಿ, ಎಲ್ಲಿ ಕೈಕೊಡುತ್ತದೆ ಅಂತ ಯಾರೂ ಹೇಳುವುದಿಲ್ಲ.

ಮೊದಲು ಸ್ಕ್ರೀನ್ ರೀಡರ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳೋಣ. ಅದು ಪರದೆಯನ್ನು ನೋಡುವುದಿಲ್ಲ. ನೀವು ಓಡಿಸುವ ಪ್ರೋಗ್ರಾಮ್ ಒಳಗಿನಿಂದ ವಿಂಡೋಸ್‌ಗೆ ಒಂದಷ್ಟು ವಿಷಯ ಹೇಳಿರಬೇಕು: ಇಲ್ಲೊಂದು ಬಟನ್ ಇದೆ, ಹೆಸರು ರನ್, ಈಗ ಒತ್ತಬಹುದು. ಇಲ್ಲೊಂದು ಚೆಕ್‌ಬಾಕ್ಸ್ ಇದೆ, ಟಿಕ್ ಆಗಿದೆ. ಹೆಸರೇನು, ಯಾವ ಬಗೆಯದು, ಈಗ ಯಾವ ಸ್ಥಿತಿಯಲ್ಲಿದೆ, ಈ ಮೂರು. ಸ್ಕ್ರೀನ್ ರೀಡರ್ ಅದನ್ನು ಕೇಳಿಕೊಂಡು ನನಗೆ ಓದಿ ಹೇಳುತ್ತದೆ. ಪ್ರೋಗ್ರಾಮ್ ಬರೆದವರು ಹೆಸರು ಕೊಡದೆ ಬಿಟ್ಟಿದ್ದರೆ ನನಗೆ ಕೇಳುವುದು "ಬಟನ್" ಅಂತ ಅಷ್ಟೇ. ಮುಂದಿನದೂ "ಬಟನ್". ಅದರ ಮುಂದಿನದೂ "ಬಟನ್".

ನಾನು ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್. ಉಚಿತ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಶುರು ಮಾಡಿದರು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಬಹುಪಾಲು ಬರೆದಿರುವುದು ಪೈಥಾನ್‌ನಲ್ಲಿ, ಅಂದರೆ ನಿಮ್ಮ ಸಿಲಬಸ್‌ನಲ್ಲಿರುವ ಭಾಷೆಯಲ್ಲೇ. ಸುಮ್ನೆ ಹೇಳ್ತಿಲ್ಲ, ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಹಾಜರಾತಿ ಆ್ಯಪ್, ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡುವ ಬದಲು ಎನ್‌ವಿಡಿಎಗೆ ಹೊಸ ಸೌಲಭ್ಯ ಸೇರಿಸುವ ಒಂದು ಆಡ್-ಆನ್ ಬರೆದರೆ ಬಳಸುವವರಾದರೂ ಸಿಗುತ್ತಾರೆ.

ಹಾಗಾದರೆ ಕಮ್ಯಾಂಡ್ ಲೈನೇ ಸುಲಭ ಅನ್ನುವ ಮಾತು ಎಲ್ಲಿಂದ ಬಂತು? ವಿಂಡೋಸ್‌ಗಿಂತ ಮೊದಲಿದ್ದ ಡಾಸ್ ಕಾಲದಿಂದ. ಡಾಸ್ ಪರದೆ ಅಂದರೆ ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 25 ಸಾಲು. ಒಟ್ಟು 2000 ಅಕ್ಷರ. ಅವು ಅಕ್ಷರಗಳಾಗಿಯೇ ವಿಡಿಯೋ ಮೆಮೊರಿಯಲ್ಲಿ ಕೂತಿರುತ್ತಿದ್ದವು. ಸ್ಕ್ರೀನ್ ರೀಡರ್ ಸೀದಾ ಅಲ್ಲಿಗೆ ಹೋಗಿ ಓದಿಕೊಂಡರೆ ಆಯಿತು, ಯಾರ ಅನುಮತಿಯೂ ಬೇಡ. ಜಾಸ್ ಅನ್ನುವ ಹೆಸರಾಂತ ಸ್ಕ್ರೀನ್ ರೀಡರ್ 1989ರಲ್ಲಿ ಮೊದಲು ಬಂದಿದ್ದು ಡಾಸ್‌ಗಾಗಿಯೇ. ಅದನ್ನು ಶುರು ಮಾಡಿದ ಟೆಡ್ ಹೆಂಟರ್ ಅಮೆರಿಕದ ಬೈಕ್ ರೇಸರ್, 1978ರಲ್ಲಿ ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು.

ಆಮೇಲೆ ವಿಂಡೋಸ್ ಬಂತು. ಅಕ್ಷರಗಳು ಚುಕ್ಕೆಗಳಾದವು. ಪರದೆ ಮೇಲೆ "ಸೇವ್" ಅಂತ ಕಾಣುತ್ತದೆ, ಮೆಮೊರಿಯಲ್ಲಿ ನೋಡಿದರೆ ಬರೀ ಬಣ್ಣದ ಚುಕ್ಕೆ. ಆಗಿನ ಸ್ಕ್ರೀನ್ ರೀಡರ್‌ಗಳು ಪ್ರೋಗ್ರಾಮ್‌ಗಳು ವಿಂಡೋಸ್‌ಗೆ "ಇದನ್ನು ಬರಿ, ಅದನ್ನು ಬರಿ" ಅನ್ನುವುದನ್ನು ಕದ್ದು ಕೇಳಿ, ಪರದೆಯ ಇನ್ನೊಂದು ನಕಲನ್ನು ತಮ್ಮೊಳಗೇ ಕಟ್ಟಿಕೊಳ್ಳಬೇಕಾಗಿತ್ತು. ಆ ನಕಲು ಆಗಾಗ ತಪ್ಪುತ್ತಿತ್ತು. ವಿಂಡೋಸ್‌ಗೆ ಜಾಸ್ ಬಂದಿದ್ದು 1995ರಲ್ಲಿ. ಪ್ರೋಗ್ರಾಮ್‌ಗಳು ತಾವೇ ಸ್ಕ್ರೀನ್ ರೀಡರ್‌ಗೆ ವಿಷಯ ಹೇಳುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ತಂದಿದ್ದು 1997ರಲ್ಲಿ. ಅಲ್ಲಿಯತನಕ ಕಣ್ಣು ಕಾಣದವರಿಗೆ ಕಮ್ಯಾಂಡ್ ಲೈನೇ ಗತಿ ಅನ್ನುವುದು ಹೆಚ್ಚುಕಡಿಮೆ ನಿಜವಾಗಿತ್ತು. ಈಗ ಆ ಪರಿಸ್ಥಿತಿ ಇಲ್ಲ, ಆದರೆ ಮಾತು ಹಾಗೇ ಉಳಿದುಕೊಂಡಿದೆ.

ಅಕ್ಷರದಂತೆ ಕಾಣುವುದೆಲ್ಲ ಅಕ್ಷರ ಅಲ್ಲ ಅನ್ನುವುದಕ್ಕೆ ನಮ್ಮ ಲ್ಯಾಬ್‌ಗಳಲ್ಲೇ ಒಂದು ಉದಾಹರಣೆ ಇದೆ, ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಹಳೆಯ ಸಾಫ್ಟ್‌ವೇರ್ ಟರ್ಬೊ ಸಿ. ನೀಲಿ ಪರದೆ, ಹಳದಿ ಅಕ್ಷರ. ನೋಡಿದವರು ಇದು ಪೂರ್ತಿ ಅಕ್ಷರದ ಸಾಫ್ಟ್‌ವೇರ್, ನಿಮಗೆ ಹೇಳಿ ಮಾಡಿಸಿದ್ದು ಅನ್ನುತ್ತಾರೆ. ಡಾಸ್ ಕಾಲದಲ್ಲಿ ಅದು ನಿಜವೇ. ಆದರೆ ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಹಳೆಯ 16 ಬಿಟ್ ಪ್ರೋಗ್ರಾಮ್ ನೇರವಾಗಿ ಓಡುವುದಿಲ್ಲ. ಅದಕ್ಕೇ ಎಲ್ಲರೂ ಡಾಸ್‌ನ ಹಾಗೆ ನಟಿಸುವ ಡಾಸ್‌ಬಾಕ್ಸ್ ಅನ್ನುವ ಪ್ರೋಗ್ರಾಮ್ ಒಳಗೆ ಓಡಿಸುತ್ತಾರೆ. ಡಾಸ್‌ಬಾಕ್ಸ್ ಇಡೀ ಡಾಸ್ ಪರದೆಯನ್ನು ಒಂದು ಚಿತ್ರವಾಗಿ ಬಿಡಿಸಿ ತೋರಿಸುತ್ತದೆ. ಎನ್‌ವಿಡಿಎಗೆ ಸಿಗುವುದು ವಿಂಡೋದ ಹೆಸರು ಮಾತ್ರ. ಒಳಗೆ ಏನು ಟೈಪ್ ಮಾಡಿದರೂ, ಏನು ಎರರ್ ಬಂದರೂ, ನಿಶ್ಶಬ್ದ.

ಕನ್ನಡ ಟೈಪಿಂಗ್ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಫೈಲು ನಿಮ್ಮ ಕಣ್ಣಿಗೆ ಅಚ್ಚ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಫಾಂಟು ಮೇಲಿಂದ ಕನ್ನಡದ ವೇಷ ಹಾಕಿರುತ್ತದೆ. ಸ್ಕ್ರೀನ್ ರೀಡರ್ ಓದಿದರೆ ಅರ್ಥವಿಲ್ಲದ ಇಂಗ್ಲಿಷ್ ಕಲಸುಮೇಲೋಗರ. ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಬರೆದಿದ್ದರೆ ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಕನ್ನಡ ಧ್ವನಿ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ ಥರ ಇದೆ, ಆದರೂ ಓದುತ್ತದೆ.

ಈಗ ಕಿವಿಯ ವಿಷಯ. ನೀವು ಪರದೆಯನ್ನು ಒಮ್ಮೆ ನೋಡಿದರೆ ಎಡಕ್ಕೆ ಫೈಲುಗಳ ಪಟ್ಟಿ, ನಡುವೆ ಕೋಡ್, ಕೆಳಗೆ ಕೆಂಪಗೆ ಎರರ್, ಎಲ್ಲ ಒಟ್ಟಿಗೆ ಸಿಗುತ್ತದೆ. ಬೇಡದ್ದನ್ನು ಕಣ್ಣು ತಾನಾಗಿ ಬಿಟ್ಟುಬಿಡುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ಒಂದಾದ ಮೇಲೆ ಒಂದು, ಸಾಲಾಗಿ ಬರಬೇಕು. ಇಲ್ಲಿ ನನ್ನ ಎನ್‌ವಿಡಿಎಯನ್ನು ನಾನು ದಿನಾ ಕೇಳುವ ಸ್ಪೀಡಿನಲ್ಲೇ ಓದಿಸಿದೆ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ನಗು ಬಂತು. ಹಿಂದಿನ ಬೆಂಚಿನಿಂದ "ಅದೆಂಗ್ರಿ ಸರ ತಿಳೀತೈತಿ?" ಅಂತ ಕೇಳಿದರು. ಅಭ್ಯಾಸ, ಅಷ್ಟೇ. ಆದರೆ ಎಷ್ಟೇ ಸ್ಪೀಡ್ ಮಾಡಿದರೂ ಅದು ಸಾಲಾಗಿಯೇ ಬರುತ್ತದೆ. ಹತ್ತು ಸಾಲು ಕೇಳುವ ಹೊತ್ತಿಗೆ ಮೊದಲ ಸಾಲನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಕೆಲಸ ನನ್ನದೇ.

ಇಲ್ಲಿಯ ಹೋಟೆಲಿಗೆ ಹೋಗಿ "ಏನೇನೈತಿ?" ಅಂತ ಕೇಳಿ ನೋಡಿ. ಸಪ್ಲೈಯರು ಇಡ್ಲಿಯಿಂದ ಹಿಡಿದು ಕಾಫಿಯತನಕ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ, ನಿಮಗೆ ಕೊನೆಯ ಎರಡು ಹೆಸರು ಮಾತ್ರ ನೆನಪಿರುತ್ತದೆ. ಅದೇ "ಬೆಣ್ಣೆ ಖಾಲಿ ದೋಸೆ ಐತೇನು?" ಅಂದರೆ "ಐತಿ" ಅನ್ನುತ್ತಾನೆ, ಮುಗೀತು. ಟೂಲ್ ಆರಿಸುವಾಗ ನಾನು ನೋಡುವುದು ಇದನ್ನೇ. ಚಿಕ್ಕ ಪ್ರಶ್ನೆ ಕೇಳಿದರೆ ಚಿಕ್ಕ ಉತ್ತರ ಕೊಡುತ್ತದಾ? ಕೇಳದಿದ್ದಾಗ ಸುಮ್ಮನಿರುತ್ತದಾ? ಅದು ಕಪ್ಪು ಪರದೆಯೋ ಬಟನ್ ತುಂಬಿದ ಪರದೆಯೋ ಅನ್ನುವುದು ಆಮೇಲಿನ ಮಾತು.

ಈ ಅಳತೆಯಲ್ಲಿ ಕಮ್ಯಾಂಡ್ ಲೈನ್ ಕೆಲವು ಕಡೆ ಬಹಳ ಒಳ್ಳೆಯದು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತೆಗೆದುಕೊಳ್ಳಿ. ಯಾವ ಫೈಲು ಬದಲಾಗಿದೆ ಅಂತ ತಿಳಿಯಬೇಕು. ಗಿಟ್ ಸ್ಟೇಟಸ್ ಅಂತ ಬರಿದೇ ಕೊಟ್ಟರೆ ಬುದ್ಧಿವಾದವೆಲ್ಲ ಹೇಳುತ್ತದೆ: ಈ ಫೈಲು ಸೇರಿಸಲು ಹೀಗೆ ಮಾಡು, ಬಿಡಲು ಹಾಗೆ ಮಾಡು. ಶಾರ್ಟ್ ಅನ್ನುವ ಆಯ್ಕೆ ಜೊತೆಗೆ ಕೊಟ್ಟರೆ ಒಂದು ಫೈಲಿಗೆ ಒಂದು ಸಾಲು. "ಎಂ", ಅಂದರೆ ಬದಲಾಗಿದೆ ಅಂತ, ಆಮೇಲೆ ಫೈಲಿನ ಹೆಸರು. ಅಷ್ಟೇ ಸಾಕು ನನಗೆ. ಹಾಗೇ, ಯಾವುದೇ ಉದ್ದನೆಯ ಔಟ್‌ಪುಟ್ ಬರುವ ಸೂಚನೆ ಇದ್ದರೆ ಮೊದಲು ಅದನ್ನು ಸಾಲು ಎಣಿಸುವ ಕಮ್ಯಾಂಡಿಗೆ ಕಳಿಸಿ ಎಷ್ಟು ಸಾಲು ಅಂತ ಕೇಳುತ್ತೇನೆ. ಮೂರು ಅಂದರೆ ಪೂರ್ತಿ ಕೇಳುತ್ತೇನೆ. ಮುನ್ನೂರು ಅಂದರೆ ಗ್ರೆಪ್ ಹಾಕಿ ಬೇಕಾದ ಪದ ಇರುವ ಸಾಲು ಮಾತ್ರ ತೆಗೆಯುತ್ತೇನೆ. ಲಿನಕ್ಸ್ ಸರ್ವರ್‌ಗೆ ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವಾಗಲೂ ಹಾಗೇ. ಅಲ್ಲಿ ಬೇರೆ ದಾರಿಯೂ ಇರುವುದಿಲ್ಲ, ಬೇಕಾಗುವುದೂ ಇಲ್ಲ. ಇನ್ನೊಂದು ಲಾಭ, ನಾನು ಮಾಡಿದ್ದು ಏನು ಅಂತ ಸಹೋದ್ಯೋಗಿಗೆ ಹೇಳಬೇಕಾದರೆ ಆ ಕಮ್ಯಾಂಡನ್ನೇ ಕಳಿಸಿದರೆ ಆಯಿತು. ಎಡಗಡೆ ಮೇಲಿನ ಮೂಲೆಯ ಹಲ್ಲುಗಾಲಿ ಚಿತ್ರ ಒತ್ತಿ ಅನ್ನುವ ರಗಳೆ ಇಲ್ಲ.

ಆದರೆ ಕಮ್ಯಾಂಡ್ ಲೈನ್ ಬರೆಯುವವರು ಕಣ್ಣಿರುವವರು. ಕಣ್ಣಿಗೆ ಚೆನ್ನಾಗಿರಲಿ ಅಂತ ಅಲ್ಲಿಯೂ ಅಲಂಕಾರ ಶುರು ಮಾಡಿದ್ದಾರೆ. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವಾಗ ಒಂದು ಗೆರೆ ತಿರುಗುತ್ತದಲ್ಲ, ಅದು ನಿಮಗೆ ತಿರುಗುವ ಗೆರೆ. ನನಗೆ "ವರ್ಟಿಕಲ್ ಬಾರ್, ಸ್ಲ್ಯಾಷ್, ಡ್ಯಾಷ್, ಬ್ಯಾಕ್‌ಸ್ಲ್ಯಾಷ್, ವರ್ಟಿಕಲ್ ಬಾರ್", ಇನ್‌ಸ್ಟಾಲ್ ಮುಗಿಯುವತನಕ ಇದೇ ಮಂತ್ರ. ಪ್ರೋಗ್ರೆಸ್ ಬಾರ್ ಇದ್ದರೆ 12 ಪರ್ಸೆಂಟ್, 13 ಪರ್ಸೆಂಟ್, 14 ಪರ್ಸೆಂಟ್. ಅದರ ನಡುವೆ ಎಲ್ಲೋ ಒಂದು ಎರರ್ ಬಂದು ಹೋಗಿರುತ್ತದೆ, ಗೊತ್ತೇ ಆಗಿರುವುದಿಲ್ಲ. ಗಿಟ್ ಲಾಗ್‌ಗೆ ಗ್ರಾಫ್ ಅನ್ನುವ ಆಯ್ಕೆ ಕೊಟ್ಟರೆ ನಕ್ಷತ್ರ ಮತ್ತು ಗೆರೆಗಳಲ್ಲಿ ಕೊಂಬೆಗಳ ಚಿತ್ರ ಬಿಡಿಸುತ್ತದೆ. ಅದೂ ಅಕ್ಷರವೇ! ಕಿವಿಗೆ ಮಾತ್ರ ಬರೀ ಗಲಾಟೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಟರ್ಮಿನಲ್‌ನಲ್ಲಿ ಅಕ್ಷರ ಇದೆ, ರಚನೆ ಇಲ್ಲ. ವೆಬ್ ಪುಟದಲ್ಲಿ ನಾನು ಎಚ್ ಒತ್ತಿದರೆ ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ಹಾರುತ್ತೇನೆ. ಟಿ ಒತ್ತಿದರೆ ಟೇಬಲ್ಲು. ಟೇಬಲ್ ಒಳಗೆ ಯಾವ ಸಾಲು, ಯಾವ ಕಾಲಮ್ ಅಂತ ಹೇಳಿಸಿಕೊಂಡು ಓಡಾಡುತ್ತೇನೆ. ಕಮ್ಯಾಂಡ್ ಬಳಸುವುದು ಹೇಗೆ ಅಂತ ಟರ್ಮಿನಲ್‌ನಲ್ಲೇ ತೋರಿಸುವ ಮ್ಯಾನ್ ಪುಟದಲ್ಲಿ ತಲೆಬರಹ ಅಂದರೆ ದಪ್ಪ ಅಕ್ಷರ, ಅಷ್ಟೇ. ಅದು ತಲೆಬರಹ ಅಂತ ಸ್ಕ್ರೀನ್ ರೀಡರ್‌ಗೆ ಯಾರೂ ಹೇಳಿಲ್ಲ. ಟೇಬಲ್ ಅಂದರೆ ನಡುವೆ ಬಿಟ್ಟ ಖಾಲಿ ಜಾಗ. ಏಳು ಕಾಲಮ್ಮಿನ ಟೇಬಲ್‌ನಲ್ಲಿ ನಾಲ್ಕನೆಯ ಸಾಲು ಕೇಳುವಾಗ ಈಗ ಓದಿದ ಸಂಖ್ಯೆ ಮೆಮೊರಿಯದೋ ಪ್ರಾಸೆಸ್‌ನದೋ ಅಂತ ನಾನು ಬೆರಳೆಣಿಸಬೇಕು. 2021ರಲ್ಲಿ ಗೂಗಲ್‌ನ ಸಂಶೋಧಕರು ಕಣ್ಣು ಕಾಣದ ಪ್ರೋಗ್ರಾಮರ್‌ಗಳು ಕಮ್ಯಾಂಡ್ ಲೈನ್ ಬಳಸುವ ಬಗ್ಗೆ ಅಧ್ಯಯನ ಮಾಡಿದಾಗ ಕಂಡಿದ್ದೂ ಇದೇ ತೊಂದರೆ. ಬಂದ ಔಟ್‌ಪುಟ್ಟನ್ನು ಬೇರೆ ಕಡೆ ಹಾಕಿಕೊಂಡು ಓದುವವರು ಬಹಳ ಜನ. ನಾನೂ ಹಾಗೇ. ಫೈಲಿಗೆ ಕಳಿಸಿ ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೇನೆ. ಇಲ್ಲವೇ ವಿಂಡೋಸ್‌ನ ಕ್ಲಿಪ್ ಕಮ್ಯಾಂಡಿಗೆ ಕಳಿಸಿ ಕಾಪಿ ಮಾಡಿಕೊಂಡು, ಎಲ್ಲಾದರೂ ಪೇಸ್ಟ್ ಮಾಡಿಕೊಳ್ಳುತ್ತೇನೆ. ಟೇಬಲ್ ಆದರೆ ಸೀದಾ ಎಕ್ಸೆಲ್. ನೋಡಿ, ಕಮ್ಯಾಂಡ್ ಲೈನ್ ಆರಾಮ ಅಂತ ಹೇಳಿ ಕೊನೆಗೆ ಬಂದು ಕೂತಿದ್ದು ಎಕ್ಸೆಲ್‌ನಲ್ಲಿ.

ಇನ್ನು ಬಟನ್ನು, ಮೆನು ಇರುವ ಗ್ರಾಫಿಕಲ್ ಟೂಲ್‌ಗಳ ಕಡೆಗೆ ಬರೋಣ.

ನಾನು ಕೋಡ್ ಬರೆಯುವುದು ಹೆಚ್ಚಾಗಿ ವಿಶುವಲ್ ಸ್ಟುಡಿಯೋ ಕೋಡ್‌ನಲ್ಲಿ. 2015ರಲ್ಲಿ ಬಂದ ಎಡಿಟರ್ ಇದು. ಹೆಸರಲ್ಲೇ ವಿಶುವಲ್ ಇದೆ, ನಗಬೇಡಿ. ಎಫ್8 ಒತ್ತಿದರೆ ಒಂದು ಎರರ್‌ನಿಂದ ಮುಂದಿನ ಎರರ್‌ಗೆ ಹೋಗುತ್ತದೆ, ಹೋಗಿ ಏನು ತಪ್ಪು ಅಂತಲೂ ಹೇಳುತ್ತದೆ. ಎಫ್12 ಒತ್ತಿದರೆ ಈ ಫಂಕ್ಷನ್ ಎಲ್ಲಿ ಬರೆದಿದೆಯೋ ಅಲ್ಲಿಗೆ. ಕಂಟ್ರೋಲ್ ಶಿಫ್ಟ್ ಓ ಒತ್ತಿದರೆ ಈ ಫೈಲಿನ ಫಂಕ್ಷನ್‌ಗಳ ಪಟ್ಟಿ, ಎರಡಕ್ಷರ ಟೈಪ್ ಮಾಡಿದರೆ ಪಟ್ಟಿ ಕಿರಿದಾಗುತ್ತದೆ. ಸಾವಿರಾರು ಸಾಲಿನ, ಬೇರೆಯವರು ಬರೆದ ಕೋಡಿನಲ್ಲಿ ಓಡಾಡಬೇಕಾದರೆ ಇವೇ ನನಗೆ ಕೈಕಾಲು. ಎರರ್ ಇರುವ ಸಾಲಿಗೆ ಬಂದರೆ ಒಂದು ಸಣ್ಣ ಸದ್ದು, ಪ್ರೋಗ್ರಾಮ್ ಇಲ್ಲಿ ನಿಲ್ಲಲಿ ಅಂತ ಗುರುತು ಹಾಕಿದ ಬ್ರೇಕ್‌ಪಾಯಿಂಟ್ ಇದ್ದರೆ ಇನ್ನೊಂದು ಸದ್ದು. ಮಾತಿಲ್ಲದೆ ಸದ್ದಿನಲ್ಲೇ ವಿಷಯ ಮುಗಿದುಬಿಡುತ್ತದೆ, ಅದು ನನಗೆ ತುಂಬ ಇಷ್ಟ.

ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ಟೂಲ್, ಅಂದರೆ ಡೀಬಗ್ಗರ್ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ಪೈಥಾನ್‌ನ ಪಿಡಿಬಿ ಗೊತ್ತು, ಸಿಗೆ ಜಿಡಿಬಿ ಗೊತ್ತು, ಎರಡೂ ಕಮ್ಯಾಂಡ್ ಲೈನ್‌ನವು, ಬೇಕಾದಾಗ ಬಳಸುತ್ತೇನೆ. ಒಂದು ವೇರಿಯಬಲ್‌ನ ಬೆಲೆ ಕೇಳಲು ಅವು ಚೆನ್ನ. ಆದರೆ ಲಿಸ್ಟ್ ಒಳಗೆ ಡಿಕ್ಷನರಿ, ಅದರೊಳಗೆ ಮತ್ತೆ ಲಿಸ್ಟ್ ಇದ್ದರೆ ಪಿಡಿಬಿ ಇಡೀ ಗಂಟನ್ನು ಒಮ್ಮೆಲೇ ಬಿಚ್ಚಿ ಸುರಿಯುತ್ತದೆ. ಗ್ರಾಫಿಕಲ್ ಡೀಬಗ್ಗರ್‌ನಲ್ಲಿ ಅದೇ ವಿಷಯ ಮರದ ರೂಪದಲ್ಲಿ ಇರುತ್ತದೆ. ಬಲ ಬಾಣ ಒತ್ತಿದರೆ ಒಂದು ಹಂತ ತೆರೆಯುತ್ತದೆ, ಎಡ ಬಾಣಕ್ಕೆ ಮುಚ್ಚುತ್ತದೆ. ನನಗೆ ಬೇಕಾದ ಕೊಂಬೆಯೊಳಗೆ ಮಾತ್ರ ಇಳಿಯುತ್ತೇನೆ. ಕೇಳಿದಷ್ಟೇ ಹೇಳುವುದು ಅಂದರೆ ಇದೇ.

ಹಾಗಂತ ಗ್ರಾಫಿಕಲ್ ಟೂಲ್ ಎಲ್ಲ ಹೀಗಿಲ್ಲ. ಬಹಳಷ್ಟು ಕಡೆ ಮೊದಲೇ ಹೇಳಿದ ಹೆಸರಿಲ್ಲದ ಬಟನ್ ಕಾಟ. ಮೌಸಿನಿಂದ ಎಳೆದು ಬಿಡುವ ಫಾರ್ಮ್ ಡಿಸೈನರ್‌ಗಳು ನನಗೆ ಬಂದ್. ನಾನು ಟೈಪ್ ಮಾಡುತ್ತಿದ್ದ ಹಾಗೇ ಸಲಹೆಯ ಪಟ್ಟಿ ತೆರೆದು, ನನ್ನ ಅಕ್ಷರದ ಮೇಲೆ ಅದರ ಮಾತು ಬಂದು ಕೂರುವುದು ಇನ್ನೊಂದು ಹಿಂಸೆ. ಜಾವಾ ಭಾಷೆಯ ಸ್ವಿಂಗ್ ಅನ್ನುವ ಸಲಕರಣೆಯಲ್ಲಿ ಕಟ್ಟಿದ ಎಡಿಟರ್‌ಗಳು ವಿಂಡೋಸ್‌ನಲ್ಲಿ ಮಾತಾಡಬೇಕಾದರೆ ಜಾವಾ ಆಕ್ಸೆಸ್ ಬ್ರಿಡ್ಜ್ ಅನ್ನುವುದು ಆನ್ ಆಗಿರಬೇಕು. ಅದು ಆಫ್ ಇದ್ದರೆ ನಿಮ್ಮ ಎಡಿಟರ್ ನನಗೆ ಖಾಲಿ ಕಿಟಕಿ. ಇದು ಗೊತ್ತಿಲ್ಲದೆ "ಈ ಸಾಫ್ಟ್‌ವೇರ್ ನಮಗೆ ಆಗಲ್ಲ" ಅಂತ ಕೈಬಿಟ್ಟವರು ಎಷ್ಟೋ ಜನ.

ಕಮ್ಯಾಂಡ್ ಲೈನು, ಗ್ರಾಫಿಕಲ್ ಟೂಲು ಎರಡೂ ಒಂದು ಜಾಗದಲ್ಲಿ ಹತ್ತಿರ ಬಂದಿವೆ. ವಿಶುವಲ್ ಸ್ಟುಡಿಯೋ ಕೋಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ ಒತ್ತಿದರೆ ಕಮ್ಯಾಂಡ್ ಪ್ಯಾಲೆಟ್ ತೆರೆಯುತ್ತದೆ. ಏನು ಮಾಡಬೇಕು ಅಂತ ಟೈಪ್ ಮಾಡಿದರೆ ಹೊಂದುವ ಆಯ್ಕೆಗಳನ್ನು ಒಂದೊಂದಾಗಿ ಓದುತ್ತದೆ, ಜೊತೆಗೆ ಅದರ ಶಾರ್ಟ್‌ಕಟ್ ಕೂಡ. ಕಮ್ಯಾಂಡ್ ಲೈನ್‌ನಲ್ಲಿ ಹೆಸರು ಪೂರ್ತಿ ಬಾಯಿಪಾಠ ಇರಬೇಕು, ಮೆನುವಿನಲ್ಲಿ ಹತ್ತು ಕಡೆ ಹುಡುಕಬೇಕು. ಇದರಲ್ಲಿ ಎರಡೂ ಬೇಡ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಪೈಥಾನ್ ಬಗ್ಗೆ ಒಂದು ಪ್ರಶ್ನೆ ಬಂತು. "ಸರ, ಪೈಥಾನ್‌ನಲ್ಲಿ ಸಾಲಿನ ಮುಂದೆ ಬಿಡುವ ಜಾಗದ ಮೇಲೇ ಎಲ್ಲ ನಿಂತಿರುತ್ತೆ. ಖಾಲಿ ಜಾಗ ಕಿವಿಗೆ ಹೇಗೆ ಕೇಳುತ್ತೆ?" ಒಳ್ಳೆಯ ಪ್ರಶ್ನೆ. ಎನ್‌ವಿಡಿಎ ಸೆಟ್ಟಿಂಗ್‌ನಲ್ಲಿ ಇಂಡೆಂಟ್ ಹೇಳು ಅಂತ ಒಂದು ಆಯ್ಕೆ ಇದೆ. ಮಾತಿನಲ್ಲಿ ಹೇಳಿಸಬಹುದು, "4 ಸ್ಪೇಸ್" ಅಂತ. ಇಲ್ಲವೇ ಸ್ವರದಲ್ಲಿ ಕೇಳಬಹುದು. ಇಂಡೆಂಟ್ ಬದಲಾದಾಗ ಒಂದು ಸದ್ದು ಬರುತ್ತದೆ, ಒಳಗೆ ಹೋದಷ್ಟೂ ಶ್ರುತಿ ಏರುತ್ತದೆ. ನಾನು ಸ್ವರ ಇಟ್ಟುಕೊಂಡಿದ್ದೇನೆ. ಫಾರ್ ಲೂಪ್ ಒಳಗಿನ ಇಫ್ ಮುಗಿದು ಹೊರಗೆ ಬಂದಿದ್ದು ಕೋಡ್ ಓದುವ ಮೊದಲೇ ಗೊತ್ತಾಗುತ್ತದೆ. ಇದರ ಜೊತೆ ಇನ್ನೊಂದು ಕೆಲಸ ಮಾಡಿ: ಎನ್‌ವಿಡಿಎಯಲ್ಲಿ ಪ್ರತಿ ಪ್ರೋಗ್ರಾಮ್‌ಗೂ ಬೇರೆ ಪ್ರೊಫೈಲ್ ಇಡಬಹುದು. ಎಡಿಟರ್‌ನಲ್ಲಿ ಚಿಹ್ನೆಗಳನ್ನೆಲ್ಲ ಓದಬೇಕು, ಸೆಮಿಕೋಲನ್ ತಪ್ಪಿದರೆ ಗೊತ್ತಾಗಬೇಕಲ್ಲ. ಅದೇ ಸೆಟ್ಟಿಂಗಲ್ಲಿ ಸುದ್ದಿ ಓದಿಸಿದರೆ ಪ್ರತಿ ಕಾಮಾ ಕೇಳಿ ತಲೆ ಕೆಡುತ್ತದೆ. ಬೇರೆ ಬೇರೆ ಇಡಿ.

ಪರದೆಯ ಅಕ್ಷರವನ್ನು ಉಬ್ಬು ಚುಕ್ಕೆಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಇದ್ದರೆ ಚಿಹ್ನೆಗಳು ಬೆರಳಿಗೇ ಸಿಗುತ್ತವೆ, ಕೋಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಲೆ ಕೇಳಿದರೆ ಮಾತ್ರ ನಮ್ಮಂಥವರು ಹಿಂದೆ ಸರಿಯುತ್ತೇವೆ, ಅದಕ್ಕೇ ಇಲ್ಲಿ ಹೆಚ್ಚಿನವರು ಕಿವಿಯನ್ನೇ ನಂಬಿದ್ದಾರೆ.

ಟಿ.ವಿ. ರಾಮನ್ ಹೆಸರು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. ಪುಣೆಯವರು. ಗ್ಲಾಕೋಮಾದಿಂದ 14ನೆಯ ವಯಸ್ಸಿಗೆ ದೃಷ್ಟಿ ಹೋಯಿತು. ಐಐಟಿ ಬಾಂಬೆಯಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ 1994ರಲ್ಲಿ ಪಿಎಚ್‌ಡಿ ಮುಗಿಸಿದರು. ಗಣಿತದ ಸೂತ್ರಗಳನ್ನು ಕಿವಿಗೆ ಅರ್ಥವಾಗುವಂತೆ ಓದಿಸುವುದು ಹೇಗೆ ಅನ್ನುವುದೇ ಅವರ ಸಂಶೋಧನೆ. 1995ರಲ್ಲಿ ಇಮ್ಯಾಕ್‌ಸ್ಪೀಕ್ ಹೊರತಂದರು. ಇಮ್ಯಾಕ್ಸ್ ಎಡಿಟರ್ ತಾನೇ ಮಾತಾಡುವಂತೆ ಮಾಡುವ ವ್ಯವಸ್ಥೆ ಅದು. ಪರದೆ ಮೇಲೆ ಬಿದ್ದ ಅಕ್ಷರವನ್ನು ಹಿಂದಿನಿಂದ ಓದುವುದಲ್ಲ, ಒಳಗಿನ ಅರ್ಥ ಗೊತ್ತಿದ್ದೇ ಹೇಳುವುದು. ಇದು ಕಾಮೆಂಟ್ ಅಂತ ಇಮ್ಯಾಕ್ಸ್‌ಗೆ ಗೊತ್ತು, ಆದ್ದರಿಂದ ಕಾಮೆಂಟ್ ಒಂದು ಧ್ವನಿಯಲ್ಲಿ, ಸ್ಟ್ರಿಂಗ್ ಇನ್ನೊಂದು ಧ್ವನಿಯಲ್ಲಿ. ನಿಮಗೆ ಎಡಿಟರ್ ಬಣ್ಣ ಹಾಕಿ ಕೊಡುತ್ತದಲ್ಲ, ಆ ಕೆಲಸವನ್ನು ಇಲ್ಲಿ ಧ್ವನಿ ಮಾಡುತ್ತದೆ. ಇಮ್ಯಾಕ್ಸ್ ಯಾವ ಗುಂಪಿಗೆ ಸೇರುತ್ತದೆ, ಕಮ್ಯಾಂಡ್ ಲೈನಿಗೋ ಗ್ರಾಫಿಕಲ್‌ಗೋ? ಟರ್ಮಿನಲ್ ಒಳಗೂ ಓಡುತ್ತದೆ, ಅದರದೇ ವಿಂಡೋದಲ್ಲೂ ಓಡುತ್ತದೆ. ಆ ಪ್ರಶ್ನೆಗೆ ಅಲ್ಲಿ ಬೆಲೆಯೇ ಇಲ್ಲ. ನಾನು ದಿನಾ ಅದನ್ನು ಬಳಸುವುದಿಲ್ಲ, ಇಮ್ಯಾಕ್ಸ್ ಕಲಿಯಲು ಬೇಕಾದ ತಾಳ್ಮೆ ನನಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಖಂಡಿತ ನೋಡಿ.

"ಎಐ ಬಂದಿದೆಯಲ್ಲ ಸರ, ಇನ್ನು ಈ ತಲೆನೋವು ಯಾಕೆ?" ಅಂತ ಒಬ್ಬರು ಕೇಳಿದರು. ಎಐ ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನಲ್ಲ. ಫ್ಲೋಚಾರ್ಟಿನ ಫೋಟೋ ಕೊಟ್ಟು ಏನಿದೆ ಹೇಳು ಅಂದರೆ ಹೇಳುತ್ತದೆ, ಹೇಳಿದ್ದು ಸರಿಯಾ ಅಂತ ನೋಡಲು ಇನ್ನೊಬ್ಬರು ಬೇಕು, ಆ ಮಾತು ಬೇರೆ. ಆದರೆ ಟೂಲಿನ ಪ್ರಶ್ನೆ ಹೋಗಿಲ್ಲ. ಎಡಿಟರ್‌ನಲ್ಲಿ ಎಐ ಕೊಡುವ ಸಲಹೆ ಬೂದು ಬಣ್ಣದಲ್ಲಿ ತೇಲುತ್ತದಂತೆ, ನನಗೆ ಆ ಬೂದು ಇಲ್ಲ. ವಿಶುವಲ್ ಸ್ಟುಡಿಯೋ ಕೋಡ್‌ನಲ್ಲಿ ಆಲ್ಟ್ ಎಫ್2 ಒತ್ತಿದರೆ ಆ ಸಲಹೆ ಸಾಮಾನ್ಯ ಪಠ್ಯವಾಗಿ ತೆರೆಯುತ್ತದೆ, ನಿಧಾನವಾಗಿ ಸಾಲುಸಾಲಾಗಿ ಓದಿ ಬೇಕಾದರೆ ಒಪ್ಪಿಕೊಳ್ಳಬಹುದು. ಇನ್ನೊಂದು ಕಡೆ ಟರ್ಮಿನಲ್ ಒಳಗೇ ಕೂತು ಮಾತಾಡುವ ಎಐ ಟೂಲ್‌ಗಳು ಬಂದಿವೆ. ಹೆಸರಿಗೆ ಕಮ್ಯಾಂಡ್ ಲೈನು. ಕೆಲವು ಪರದೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆಯುತ್ತಿರುತ್ತವೆ, ಓದಿದ್ದನ್ನೇ ಮತ್ತೆ ಓದುತ್ತಾ ಸ್ಕ್ರೀನ್ ರೀಡರ್ ಸುಸ್ತಾಗುತ್ತದೆ.

ಸ್ವಲ್ಪ ದೃಷ್ಟಿ ಇರುವ ವಿದ್ಯಾರ್ಥಿನಿಯೊಬ್ಬರು ತಮ್ಮ ವಿಷಯ ಕೇಳಿದರು. ಅವರು ಪರದೆ ದೊಡ್ಡದು ಮಾಡಿಕೊಂಡು ಓದುತ್ತಾರೆ. ಮ್ಯಾಗ್ನಿಫೈಯರ್ ಹಾಕಿದರೆ ಒಂದು ಮೂಲೆ ಮಾತ್ರ ಕಾಣುತ್ತದೆ, ಎರರ್ ಬೇರೆ ಮೂಲೆಯಲ್ಲಿ ಬಂದು ಹೋಗುತ್ತದೆ. ಅವರಿಗೆ ಹೇಳಿದ್ದು ಇಷ್ಟು: ಇಡೀ ಪರದೆ ಹಿಗ್ಗಿಸುವ ಬದಲು ಎಡಿಟರ್ ಮತ್ತು ಟರ್ಮಿನಲ್‌ನ ಅಕ್ಷರ ದೊಡ್ಡದು ಮಾಡಿ, ಸಾಲು ಪರದೆಯಲ್ಲೇ ಮಡಚಿಕೊಳ್ಳುವಂತೆ ಇಡಿ, ಎರರ್‌ಗೆ ಎಫ್8 ಒತ್ತಿ ನೀವೇ ಹೋಗಿ. ಮತ್ತೆ, ಕಣ್ಣು ದಣಿದಾಗ ಸ್ಕ್ರೀನ್ ರೀಡರ್ ಬಳಸಲು ಸಂಕೋಚ ಬೇಡ.

ಈಗ ಮೇಷ್ಟ್ರುಗಳಿಗೆ. ನಿಮಗೆ ಕಾನೂನು ಹೇಳಲು ಬಂದಿಲ್ಲ, ಆದರೂ ಒಂದು ಸಾಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಹೊಂದಾಣಿಕೆ ಮಾಡಿಕೊಡಬೇಕು ಅಂತ ಇದೆ. ಲ್ಯಾಬ್‌ನಲ್ಲಿ ಆ ಹೊಂದಾಣಿಕೆ ಅಂದರೆ ಬಹುತೇಕ ಸಲ ದುಡ್ಡೇ ಬೇಡ. ಸಿ ಪ್ರೋಗ್ರಾಮ್ ಸರಿಯಾಗಿ ಓಡಬೇಕು, ಅಷ್ಟೇ ತಾನೇ ಪರೀಕ್ಷೆ? ಸಿ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಿಕೊಡುವ ಜಿಸಿಸಿ ಕಂಪೈಲರ್ ಹಾಕಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆಗಲಿ ಇನ್ನೊಂದಾಗಲಿ, ಹುಡುಗನಿಗೆ ಬೇಕಾದ ಎಡಿಟರ್‌ನಲ್ಲಿ ಬರೆಯಲು ಬಿಡಿ. ನೀಲಿ ಪರದೆಯ ಮೇಲೆ ಅಷ್ಟೊಂದು ಪ್ರೀತಿ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು, ವಾಟ್ಸ್ಆ್ಯಪ್ ಗ್ರೂಪಿಗೆ ಕೋಡಿನ ಫೋಟೋ ಹಾಕುವುದು. ಅದೂ ಮಾನಿಟರ್ ಮುಂದೆ ಫೋನ್ ಹಿಡಿದು ಓರೆಯಾಗಿ ತೆಗೆದದ್ದು. ಕೋಡ್ ನಿಮ್ಮ ಹತ್ತಿರ ಅಕ್ಷರವಾಗಿಯೇ ಇತ್ತು, ಕಾಪಿ ಮಾಡಿ ಹಾಕಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು, ಕಣ್ಣಿರುವ ಹುಡುಗರೂ ಆ ಫೋಟೋ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾ ಕೂರುತ್ತಾರೆ! ಪಾಠ ಮಾಡುವಾಗ "ಇದನ್ನ ತೆಗೆದು ಇಲ್ಲಿಗೆ ಹಾಕಿ" ಅನ್ನುವ ಬದಲು "17ನೇ ಸಾಲಿನ ಇಫ್ ತೆಗೆದು ಲೂಪ್ ಮೇಲೆ ಹಾಕಿ" ಅನ್ನಿ. ಪರೀಕ್ಷೆಗೆ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು ಕೊಟ್ಟರೆ ಕೆಲಸ ಮುಗೀತು ಅಂದುಕೊಳ್ಳುವುದೂ ಇದೆ. ಥಿಯರಿಗೆ ಅದು ಸರಿ. ಪ್ರೋಗ್ರಾಮಿಂಗ್ ಲ್ಯಾಬ್‌ಗೆ ಸ್ಕ್ರೈಬ್ ಅಂದರೆ ಯಾರೋ ಟೈಪ್ ಮಾಡಬೇಕು, ಯಾರೋ ಎರರ್ ಓದಿ ಹೇಳಬೇಕು, ನಾನು ಪಕ್ಕದಲ್ಲಿ ಕೂತು "ಬ್ರ್ಯಾಕೆಟ್ ಹಾಕಪ್ಪಾ" ಅನ್ನಬೇಕು. ಆ ಹುಡುಗ ಕೆಲಸಕ್ಕೆ ಸೇರಿದ ಮೇಲೆ ಸ್ಕ್ರೈಬ್ ಬರುತ್ತಾನಾ? ಅವನ ಕೈಗೆ ಕೀಬೋರ್ಡ್ ಕೊಡಿ.

ಚಿತ್ರದುರ್ಗದ ಕಡೆಯಿಂದ ಮಗಳ ಜೊತೆ ಬಂದಿದ್ದ ತಂದೆಯೊಬ್ಬರು ಕೊನೆಗೆ ಎದ್ದು ಕೇಳಿದರು, "ನಮ್ಮ ಹುಡುಗಿ ಪಿಯುಸಿ ಮುಗಿಸ್ಯಾಳ್ರಿ, ಕಂಪ್ಯೂಟರ್ ಸೈನ್ಸೇ ಬೇಕಂತಾಳ. ಎಂಥಾ ಲ್ಯಾಪ್‌ಟಾಪ್ ಕೊಡಿಸ್ಬೇಕ್ರಿ?" ಪರದೆ ಎಷ್ಟು ಇಂಚು ಅಂತ ಅಂಗಡಿಯವನು ಶುರು ಮಾಡಿದರೆ ನಿಲ್ಲಿಸಿ ಅಂದೆ. ಗ್ರಾಫಿಕ್ಸ್ ಕಾರ್ಡ್ ಬೇಡ, ಆ ದುಡ್ಡನ್ನು ರ್‍ಯಾಮ್‌ಗೆ ಹಾಕಿ. ಎಸ್‌ಎಸ್‌ಡಿ ಇರಲಿ. ಬಲಗಡೆ ನಂಬರ್ ಪ್ಯಾಡ್ ಇರುವ ಕೀಬೋರ್ಡ್ ನೋಡಿ. ಎನ್‌ವಿಡಿಎಯಲ್ಲಿ ಹಿಂದಿನ ಸಾಲು, ಈ ಸಾಲು, ಮುಂದಿನ ಸಾಲು ಅಂತ ಓದಿಸಲು ಅಲ್ಲಿಯ 7, 8, 9 ಬಹಳ ಅನುಕೂಲ, ಟರ್ಮಿನಲ್‌ನಲ್ಲಂತೂ ಬೇಕೇ ಬೇಕು. ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ, ತಂತಿ ಇರುವುದು. ಬ್ಲೂಟೂತ್‌ನಲ್ಲಿ ಮಾತು ತುಸು ತಡವಾಗಿ ಬರುತ್ತದೆ, ಕೀ ಒತ್ತಿ ಕಾಯುವುದು ಕಿರಿಕಿರಿ. ಒಂದು ಪೆನ್‌ಡ್ರೈವ್‌ನಲ್ಲಿ ಎನ್‌ವಿಡಿಎಯ ಪೋರ್ಟಬಲ್ ಕಾಪಿ ಹಾಕಿಕೊಟ್ಟಿರಿ, ಕಾಲೇಜಿನ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದು. ಪೆನ್‌ಡ್ರೈವ್ ಹಾಕಲು ಲ್ಯಾಬ್‌ನಲ್ಲಿ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮತ್ತೆ ಲ್ಯಾಬ್ ಪರೀಕ್ಷೆಯ ಹಿಂದಿನ ದಿನವೇ ಹೋಗಿ ಅವಳು ಕೂರುವ ಕಂಪ್ಯೂಟರ್‌ಗೆ ಹೆಡ್‌ಫೋನ್ ಚುಚ್ಚಿ ನೋಡಿ. ಎಷ್ಟೋ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಸೌಂಡ್ ಡ್ರೈವರ್ ಹಾಕಿರುವುದಿಲ್ಲ, ಯಾಕೆಂದರೆ ಅಲ್ಲಿ ಇಷ್ಟು ದಿನ ಯಾರಿಗೂ ಸೌಂಡ್ ಬೇಕಾಗಿರಲಿಲ್ಲ.